ಪಿ0171, ಪಿ0174, ಜೊತೆಗೆ ಪಿ0305: 1999ರ ಪಿಕಪ್‌ನಲ್ಲಿ ಚೆಕ್ ಎಂಜಿನ್ ದೀಪ ಆರುತ್ತಿಲ್ಲ

ನೀಲಿಪಿಕಪ್ · ಮೊದಲ ದಿನ, ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನದು 1999ರ ಪಿಕಪ್. ಸುಮಾರು 5 ಲೀಟರಿನ ವಿ8 ಪೆಟ್ರೋಲ್ ಎಂಜಿನ್, ಪ್ರತಿ ಸಿಲಿಂಡರಿಗೂ ಕಿಡಿಗೆ ಬೇರೆ ಬೇರೆ ಕಾಯಿಲ್. 2,80,000 ಕಿಲೋಮೀಟರ್ ಓಡಿದೆ. ಅಪ್ಪ ಕೊನೆಯವರೆಗೂ ಓಡಿಸಿದ ಗಾಡಿ, ಅದಕ್ಕೇ ಮಾರುವ ಮಾತನ್ನು ದಯವಿಟ್ಟು ಯಾರೂ ಎತ್ತಬೇಡಿ.

ಮೂರು ವಾರಗಳ ಹಿಂದೆ ಚೆಕ್ ಎಂಜಿನ್ ದೀಪ ಹತ್ತಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಪಿ0171, ಪಿ0174 ಎಂಬ ದೋಷದ ಕೋಡ್ ಬಂದಿವೆ ಎಂದರು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಎರಡೂ ಆಕ್ಸಿಜನ್ ಸೆನ್ಸರ್ ಹೋಗಿವೆ ಎಂದು ಹೊಸದನ್ನು ಹಾಕಿದರು. ನಾಲ್ಕೇ ದಿನಕ್ಕೆ ದೀಪ ಮತ್ತೆ ಹತ್ತಿತು. ಈಗ ಪಿ0305 ಕೂಡ ಸೇರಿಕೊಂಡಿದೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತದೆ, ಓಡುವಾಗ ಹೆಚ್ಚೇನೂ ತಿಳಿಯುವುದಿಲ್ಲ. ಮುಂದೆ ಫ್ಯುಯೆಲ್ ಪಂಪ್ ಬದಲಿಸೋಣ, ಅದೂ ಆಗದಿದ್ದರೆ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಎನ್ನುತ್ತಿದ್ದಾರೆ. ಇನ್ನು ಊಹೆಯ ಮೇಲೆ ಹಣ ಸುರಿಯಲಾರೆ. ಮೊಬೈಲಿಗೆ ಜೋಡಿಸುವ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ತರಿಸಿಕೊಂಡಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಬಾನೆಟ್‌ಕೆಳಗೆ · ಮೊದಲ ದಿನ, ರಾತ್ರಿ

ನೀಲಿಪಿಕಪ್ ಅವರೇ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಡ್‌ಗಳನ್ನು ಅಳಿಸಬೇಡಿ. ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಎಂಬ ಚಿತ್ರವನ್ನು ಕಂಪ್ಯೂಟರ್ ಜೊತೆಯಲ್ಲೇ ಉಳಿಸಿಕೊಂಡಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಗ್ಯಾರೇಜಿನವರು ಮೊದಲ ಸಲ ಅದನ್ನು ನೋಡಿದ್ದರೆ ನಿಮ್ಮ ಸೆನ್ಸರುಗಳ ದುಡ್ಡು ಉಳಿಯುತ್ತಿತ್ತೇನೋ.

ಈಗ ಕೋಡ್ ಏನು ಹೇಳುತ್ತಿದೆ, ಏನು ಹೇಳುತ್ತಿಲ್ಲ ಎಂಬುದನ್ನು ನೋಡೋಣ. ಪಿ ಅಕ್ಷರ ಎಂಜಿನ್ ಮತ್ತು ಗೇರ್‌ಬಾಕ್ಸಿನದು. ಅದರ ಮುಂದಿನ ಸೊನ್ನೆ ಎಂದರೆ ಎಲ್ಲ ತಯಾರಕರಿಗೂ ಒಂದೇ ಅರ್ಥವಿರುವ ಕೋಡ್. ಅಲ್ಲಿ 1 ಇದ್ದರೆ ಅದು ತಯಾರಕರ ಸ್ವಂತ ಕೋಡ್, ಅರ್ಥಕ್ಕೆ ಆಯಾ ಗಾಡಿಯ ಪುಸ್ತಕವನ್ನೇ ನೋಡಬೇಕು. ಮೂರನೆಯ ಜಾಗದ 1 ಗಾಳಿ ಮತ್ತು ಇಂಧನದ ಅಳತೆಗೆ, 3 ಇಗ್ನಿಷನ್ ಮತ್ತು ಮಿಸ್‌ಫೈರ್‌ಗೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದಕ್ಕೆ, ಸೇರಿದ್ದು. ನಿಮ್ಮ ಪಿ0305 ಎಂದರೆ 5ನೇ ಸಿಲಿಂಡರಿನ ಮಿಸ್‌ಫೈರ್. ಅಮೆರಿಕದಲ್ಲಿ 1996ರ ಮಾದರಿಯಿಂದ ಈ ಪದ್ಧತಿ ಕಡ್ಡಾಯವಾಯಿತು.

ಪಿ0171 ಎಂದರೆ ಒಂದನೇ ಬ್ಯಾಂಕಿನಲ್ಲಿ, ಅಂದರೆ ಒಂದನೇ ಸಿಲಿಂಡರ್ ಇರುವ ಸಾಲಿನಲ್ಲಿ, ಮಿಶ್ರಣ ಲೀನ್ ಆಗಿದೆ ಎಂದು. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಗಾಳಿ ಅದಕ್ಕಿಂತ ಹೆಚ್ಚಾಗಿದೆ, ಅಥವಾ ಪೆಟ್ರೋಲ್ ಕಡಿಮೆಯಾಗಿದೆ. ಪಿ0174 ಎರಡನೇ ಸಾಲಿನ ಅದೇ ದೂರು. ಸೆನ್ಸರ್ ಕೆಟ್ಟಿದೆ ಎಂದು ಈ ಎರಡರಲ್ಲಿ ಯಾವುದೂ ಹೇಳುತ್ತಿಲ್ಲ. ಸೆನ್ಸರ್ ಕಂಡದ್ದನ್ನು ಹೇಳಿದೆ, ಅಷ್ಟೇ. ಸುದ್ದಿ ತಂದವನನ್ನೇ ಮನೆಯಿಂದ ಹೊರಗೆ ಹಾಕಿದಂತಾಯಿತು. ಎರಡು ಸಾಲಿನ ಎರಡು ಸೆನ್ಸರುಗಳು ಒಟ್ಟಿಗೆ ಒಂದೇ ರೀತಿ ಕೆಡುವುದೂ ಅಪರೂಪ. ಎರಡೂ ಸಾಲು ಒಟ್ಟಿಗೆ ಲೀನ್ ಆಗಿವೆ ಎಂದರೆ ಎರಡಕ್ಕೂ ಸಮಾನವಾದ ಜಾಗವನ್ನು ಹುಡುಕಬೇಕು: ಗಾಳಿ ಅಳೆಯುವ ಮಾಫ್ ಸೆನ್ಸರ್, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್, ಅದಕ್ಕೆ ಸೇರುವ ವ್ಯಾಕ್ಯೂಮ್ ಹೋಸುಗಳು, ಪೆಟ್ರೋಲಿನ ಒತ್ತಡ.

ನಾಳೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಇಷ್ಟನ್ನು ಬರೆದು ತನ್ನಿ. ಫ್ರೀಜ್ ಫ್ರೇಮಿನಲ್ಲಿರುವ ಎಲ್ಲವೂ ಬೇಕು. ಐಡ್ಲಿಂಗ್‌ನಲ್ಲಿ ಎರಡೂ ಸಾಲಿನ ಫ್ಯುಯೆಲ್ ಟ್ರಿಮ್, ಅಂದರೆ ಪೆಟ್ರೋಲಿನ ತಿದ್ದುಪಡಿ, ಎಷ್ಟು, 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದರೆ ಎಷ್ಟು ನೋಡಿ. ಐಡ್ಲಿಂಗ್‌ನಲ್ಲಿ ಮಾಫ್ ಸೆಕೆಂಡಿಗೆ ಎಷ್ಟು ಗ್ರಾಂ ತೋರಿಸುತ್ತಿದೆ ಎಂಬುದೂ ಇರಲಿ.

ದೀಪ ಮಿನುಗಿದರೆ, ಅಂದರೆ ಸುಮ್ಮನೆ ಉರಿಯದೆ ಹತ್ತಿ ಆರಿ ಮಾಡಿದರೆ, ಎಕ್ಸಿಲರೇಟರ್ ಬಿಟ್ಟು ನಿಧಾನವಾಗಿ ಪಕ್ಕಕ್ಕೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನು ಕರಗಿಸಿಬಿಡುವ ಮಟ್ಟದ ಮಿಸ್‌ಫೈರ್ ಇದ್ದಾಗಲೇ ಅದು ಹಾಗೆ ಮಿನುಗುವುದು.

ಕರಿಎಣ್ಣೆ · ಎರಡನೇ ದಿನ, ಬೆಳಿಗ್ಗೆ

ಗ್ಯಾರೇಜಿನವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. 2,80,000 ಕಿಲೋಮೀಟರ್ ಓಡಿದ ಗಾಡಿಯಲ್ಲಿ ಪಂಪ್ ಸೋತಿದ್ದರೆ ಆಶ್ಚರ್ಯವೇನಿಲ್ಲ. ನನ್ನ ಗಾಡಿಯಲ್ಲೂ ಇದೇ ಎರಡು ಕೋಡ್ ಬಂದಿದ್ದವು, ಪಂಪ್ ಮತ್ತು ಫಿಲ್ಟರ್ ಬದಲಿಸಿದ ಮೇಲೆ ಇವತ್ತಿನವರೆಗೆ ಮತ್ತೆ ಬಂದಿಲ್ಲ.

ಬಾನೆಟ್‌ಕೆಳಗೆ · ಎರಡನೇ ದಿನ, ಬೆಳಿಗ್ಗೆ

ಕರಿಎಣ್ಣೆ ಅವರೇ, ನಿಮ್ಮ ಗಾಡಿಯಲ್ಲಿ ಪಂಪೇ ಕಾರಣವಾಗಿತ್ತು, ನಂಬುತ್ತೇನೆ. ಆದರೆ ನಿಮಗೆ ತೊಂದರೆ ಕಾಣಿಸಿದ್ದು ಯಾವಾಗ? ಏರು ಹತ್ತುವಾಗಲೋ, ನಿಂತಾಗಲೋ?

ಕರಿಎಣ್ಣೆ · ಎರಡನೇ ದಿನ, ಮಧ್ಯಾಹ್ನ

ಏರಿನಲ್ಲಿ. ಭಾರ ಹೇರಿದಾಗ ಎಳೆಯುತ್ತಲೇ ಇರಲಿಲ್ಲ. ನಿಂತಾಗ ಗಡಿಯಾರದಂತೆ ಓಡುತ್ತಿತ್ತು.

ಬಾನೆಟ್‌ಕೆಳಗೆ · ಎರಡನೇ ದಿನ, ಮಧ್ಯಾಹ್ನ

ಅದೇ ನೋಡಿ. ಇವರದು ನಿಂತಾಗ ನಡುಗುತ್ತದೆ, ಓಡುವಾಗ ಸರಿಯಿದೆ. ಕೋಡ್ ಒಂದೇ ಆದರೂ ರೋಗ ಬೇರೆ ಇರಬಹುದು. ಅಳತೆಗಳು ಬರಲಿ.

ನೀಲಿಪಿಕಪ್ · ಎರಡನೇ ದಿನ, ರಾತ್ರಿ

ಸರ್, ನೀವು ಹೇಳಿದಂತೆಯೇ ಬರೆದುಕೊಂಡೆ.

ಫ್ರೀಜ್ ಫ್ರೇಮ್ ಪಿ0171ರದು: ಎಂಜಿನ್ 690 ಆರ್‌ಪಿಎಂ, ಗಾಡಿಯ ವೇಗ 0, ಕೂಲಂಟ್ 91 ಡಿಗ್ರಿ.

ಈಗ ಐಡ್ಲಿಂಗ್‌ನಲ್ಲಿ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಟ್ರಿಮ್ ಕೂಡಿಸಿದರೆ ಒಂದನೇ ಸಾಲು ಪ್ಲಸ್ 22, ಎರಡನೇ ಸಾಲು ಪ್ಲಸ್ 27. 2500ರಲ್ಲಿ ಒಂದನೇ ಸಾಲು ಪ್ಲಸ್ 6, ಎರಡನೇ ಸಾಲು ಪ್ಲಸ್ 10. ಐಡ್ಲಿಂಗ್‌ನಲ್ಲಿ ಮಾಫ್ ಸೆಕೆಂಡಿಗೆ 3.9 ಗ್ರಾಂ. ದೀಪ ಮಿನುಗಿಲ್ಲ, ಸ್ಥಿರವಾಗಿ ಉರಿಯುತ್ತಿದೆ.

ಬಾನೆಟ್‌ಕೆಳಗೆ · ಎರಡನೇ ದಿನ, ರಾತ್ರಿ

ಇಷ್ಟು ಅಚ್ಚುಕಟ್ಟಾಗಿ ಬರೆದು ತಂದರೆ ಅರ್ಧ ಕೆಲಸ ಮುಗಿದಂತೆಯೇ.

ಟ್ರಿಮ್ ಎಂದರೆ ಲೆಕ್ಕದ ಪೆಟ್ರೋಲಿಗಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಕೊಡಬೇಕಾಗಿ ಬಂದಿದೆ ಎಂಬ ತಿದ್ದುಪಡಿ. ಪ್ಲಸ್ ಅಥವಾ ಮೈನಸ್ 10ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹಲವು ಗಾಡಿಗಳಲ್ಲಿ 25ರ ಆಸುಪಾಸಿಗೆ ಹೋದಾಗ ಕಂಪ್ಯೂಟರ್ ಕೈಚೆಲ್ಲಿ ಕೋಡ್ ಹಾಕುತ್ತದೆ.

ನಿಮ್ಮದರಲ್ಲಿ ನಿಂತಾಗ 22, ರೇಸ್ ಮಾಡಿದರೆ 6. ಎಲ್ಲೋ ಒಂದು ತೂತಿನಿಂದ ಮಾಫ್‌ನ ಕಣ್ಣು ತಪ್ಪಿಸಿ ಗಾಳಿ ಒಳಗೆ ಬರುತ್ತಿದೆ ಎಂದುಕೊಳ್ಳಿ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವುದೇ ಒಂದಿಷ್ಟು ಗಾಳಿ, ಅದರಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ಥ್ರಾಟಲ್ ತೆರೆದಾಗ ಒಳಗಿನ ಸೆಳೆತವೂ ಕಡಿಮೆಯಾಗುತ್ತದೆ, ನೇರ ದಾರಿಯಿಂದ ಬರುವ ಗಾಳಿಯೂ ಹಲವು ಪಟ್ಟು ಹೆಚ್ಚುತ್ತದೆ. ಅದರ ಮುಂದೆ ತೂತಿನ ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ಪಂಪ್ ಸೋತಿದ್ದರೆ ಇದು ತಿರುಗುಮುರುಗಾಗಿ, ಭಾರ ಬಿದ್ದಷ್ಟೂ ಟ್ರಿಮ್ ಏರಬೇಕಿತ್ತು. ಕರಿಎಣ್ಣೆ ಅವರ ಗಾಡಿಯಲ್ಲಿ ಆಗಿದ್ದು ಅದೇ.

ಮಾಫ್ ಕೂಡ ಅದನ್ನೇ ಹೇಳುತ್ತಿದೆ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಎಷ್ಟು ಲೀಟರಿನ ಎಂಜಿನ್ನೋ ಸರಿಸುಮಾರು ಅಷ್ಟು ಗ್ರಾಂ ಗಾಳಿ ಎಳೆಯುತ್ತದೆ. ಇದು ಕೈಲೆಕ್ಕ, ಶಾಸ್ತ್ರವಲ್ಲ. 5 ಲೀಟರಿಗೆ 3.9 ಕಡಿಮೆಯಾಯಿತು. ಕೊರತೆಯ ಗಾಳಿ ಬೇರೆ ಬಾಗಿಲಿನಿಂದ ಬರುತ್ತಿದೆ. ಮಾಫ್ ತಂತಿಗೆ ಧೂಳು ಹಿಡಿದಿದ್ದರೂ ಹೀಗೆ ಕಡಿಮೆ ತೋರಿಸಬಹುದು. ಅದನ್ನೂ ಒಮ್ಮೆ ತೊಳೆಯಿರಿ, ಆದರೆ ಮಾಫ್‌ಗೆಂದೇ ಮಾಡಿದ ಸ್ಪ್ರೇಯಿಂದ ಮಾತ್ರ. ಬಟ್ಟೆ, ಹತ್ತಿ, ಬೆರಳು ಯಾವುದೂ ಆ ತಂತಿಯನ್ನು ಮುಟ್ಟಬಾರದು. ಪೂರ್ತಿ ಒಣಗಿದ ಮೇಲೆ ಜೋಡಿಸಿ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತಿದೆ. ಎರಡನೇ ಸಾಲು ಒಂದನೆಯದಕ್ಕಿಂತ ನಾಲ್ಕೈದು ಅಂಕ ಮೇಲೇ ಇದೆ, ನಿಂತಾಗಲೂ, ರೇಸಿನಲ್ಲೂ. ಸಿಲಿಂಡರ್ ಮಿಸ್ ಹೊಡೆದಾಗ ಬಳಕೆಯಾಗದ ಆಮ್ಲಜನಕ ಸೈಲೆನ್ಸರ್ ದಾರಿ ಹಿಡಿಯುತ್ತದೆ, ಸೆನ್ಸರ್ ಅದನ್ನೂ ಲೀನ್ ಎಂದೇ ಓದುತ್ತದೆ. 5ನೇ ಸಿಲಿಂಡರ್ ಎರಡನೇ ಸಾಲಿನಲ್ಲಿದೆಯೇ, ನೋಡಿ ಹೇಳಿ. ಸಿಲಿಂಡರ್ ಎಣಿಸುವ ಕ್ರಮ ತಯಾರಕರಿಂದ ತಯಾರಕರಿಗೆ ಬೇರೆ: ಕೆಲವರು ಒಂದು ಪಕ್ಕಕ್ಕೆ 1ರಿಂದ 4, ಇನ್ನೊಂದು ಪಕ್ಕಕ್ಕೆ 5ರಿಂದ 8 ಕೊಡುತ್ತಾರೆ, ಕೆಲವರು ಒಂದು ಪಕ್ಕಕ್ಕೆ ಬೆಸ, ಇನ್ನೊಂದಕ್ಕೆ ಸಮ. ಪುಸ್ತಕ ನೋಡದೆ ಬಿಚ್ಚಬೇಡಿ.

ತಂತಿಜಾಡು · ಮೂರನೇ ದಿನ, ಬೆಳಿಗ್ಗೆ

ಹೋಸ್ ಹುಡುಕುವ ಮೊದಲು ಐದು ನಿಮಿಷ ಬ್ಯಾಟರಿಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಹಳೆಯ ಗಾಡಿಗಳಲ್ಲಿ ನಾನು ಮೊದಲು ಹಿಡಿಯುವುದು ಮಲ್ಟಿಮೀಟರನ್ನೇ. ಎಂಜಿನ್ ನಿಂತು ಒಂದಷ್ಟು ಹೊತ್ತಾದ ಮೇಲೆ 12.6 ವೋಲ್ಟ್ ಹತ್ತಿರ, ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಆಮೇಲೆ ಎಂಜಿನ್ ಓಡುತ್ತಿರುವಾಗ, ದೀಪ ಮತ್ತು ಬ್ಲೋವರ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹದ ಮೇಲೆ ಇಡಿ. 0.1 ವೋಲ್ಟಿಗಿಂತ ಬಹಳ ಹೆಚ್ಚು ಬಂದರೆ ಅರ್ತ್ ಪಟ್ಟಿ ಸರಿಯಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಹಿಂದಿನ ಪಿಕಪ್‌ನಲ್ಲಿ ಒಂದೇ ಸಲ ಆರು ಕೋಡ್ ಬಂದವು. ಥ್ರಾಟಲ್‌ನದು ಒಂದು, ಕೂಲಂಟ್‌ನದು ಒಂದು, ಗೇರ್‌ಬಾಕ್ಸಿನದು ಎರಡು, ಒಂದಕ್ಕೊಂದು ಸಂಬಂಧವೇ ಇಲ್ಲ. ಸಂಬಂಧವಿಲ್ಲದ ಕೋಡ್‌ಗಳು ಗುಂಪಾಗಿ ಬಂದರೆ ಅವು ಹಂಚಿಕೊಂಡಿರುವ ತಂತಿಯನ್ನು ನೋಡಬೇಕು: ಅರ್ತ್, ಅಥವಾ ಸೆನ್ಸರುಗಳಿಗೆ ಹೋಗುವ 5 ವೋಲ್ಟಿನ ರೆಫರೆನ್ಸ್ ತಂತಿ. ನನ್ನದರಲ್ಲಿ ಎಂಜಿನ್ನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ಹೊರಗೆ ಚೆನ್ನಾಗಿಯೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿ ಎಳೆದರೆ ಕೈಗೆ ಹಸಿರು ಪುಡಿ ಬಂತು.

ಹೊಸಸ್ಪ್ಯಾನರ್ · ಮೂರನೇ ದಿನ, ಮಧ್ಯಾಹ್ನ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು 1994ರ ಪಿಕಪ್. ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್ನಿನ ಸಾಕೆಟ್ ಇಲ್ಲ, ಅಗಲವಾದ 12 ಪಿನ್ನಿನದು ಇದೆ. ಬ್ಲೂಟೂತ್ ಸ್ಕ್ಯಾನರ್ ಇದಕ್ಕೆ ಕೂರುವುದೇ ಇಲ್ಲ. ನನ್ನಂಥವರಿಗೆ ದಾರಿ ಏನು?

ಬಾನೆಟ್‌ಕೆಳಗೆ · ಮೂರನೇ ದಿನ, ಮಧ್ಯಾಹ್ನ

ಕ್ಷಮೆ ಯಾಕಪ್ಪ, ಒಳ್ಳೆಯ ಪ್ರಶ್ನೆ. ಆ ಕಾಲದ ಗಾಡಿಗಳು ದೀಪ ಮಿನುಗಿಸಿಯೇ ಕೋಡ್ ಹೇಳುತ್ತವೆ. ಅಂಥ 12 ಪಿನ್ನಿನ ಸಾಕೆಟ್ ಇರುವ ಪೆಟ್ರೋಲ್ ಗಾಡಿಗಳಲ್ಲಿ, ಎಂಜಿನ್ ನಿಂತಿರುವಾಗ, ಎ ಮತ್ತು ಬಿ ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ ಇಗ್ನಿಷನ್ ಆನ್ ಮಾಡುತ್ತಾರೆ. ಒಂದು ಮಿನುಗು, ಸಣ್ಣ ವಿರಾಮ, ಎರಡು ಮಿನುಗು ಬಂದರೆ 12. ಅದು ಮೂರು ಸಲ ಬರುತ್ತದೆ, ಗಾಬರಿಯಾಗಬೇಡಿ: ಎಂಜಿನ್ ತಿರುಗುತ್ತಿಲ್ಲ ಎಂದಷ್ಟೇ ಅರ್ಥ. ನಂತರ ಉಳಿದ ಕೋಡ್‌ಗಳು ಒಂದೊಂದೂ ಮೂರು ಸಲ. ಬೇರೆ ತಯಾರಕರ ವಿಧಾನ ಬೇರೆ ಇರುವುದರಿಂದ ನಿಮ್ಮ ಗಾಡಿಯ ಪುಸ್ತಕದಲ್ಲಿ ಎ, ಬಿ ಎಲ್ಲಿವೆ ಎಂದು ಖಚಿತಪಡಿಸಿಕೊಳ್ಳದೆ ತಂತಿ ಚುಚ್ಚಬೇಡಿ. ತಪ್ಪು ಪಿನ್ನಿಗೆ ಚುಚ್ಚಿದರೆ ಕಂಪ್ಯೂಟರೇ ಹೋದೀತು.

ಹೊಸಸ್ಪ್ಯಾನರ್ · ಮೂರನೇ ದಿನ, ಸಂಜೆ

ಬಂತು! 12 ಮೂರು ಸಲ, ಆಮೇಲೆ 15 ಮೂರು ಸಲ. ಪುಸ್ತಕದ ಪ್ರಕಾರ 15 ಎಂದರೆ ಕೂಲಂಟ್ ಸೆನ್ಸರ್ ವಿಪರೀತ ತಣ್ಣಗಿದೆ ಎನ್ನುತ್ತಿದೆ. ಸೆನ್ಸರ್ ತರಿಸಲೇ?

ತಂತಿಜಾಡು · ಮೂರನೇ ದಿನ, ಸಂಜೆ

ತರಿಸಬೇಡಿ, ಮೊದಲು ಕನೆಕ್ಟರ್ ನೋಡಿ. ಆ ಸೆನ್ಸರಿನಲ್ಲಿ ತಣ್ಣಗಾದಷ್ಟೂ ರೆಸಿಸ್ಟೆನ್ಸ್ ಹೆಚ್ಚು. ತಂತಿ ತುಂಡಾಗಿದ್ದರೆ ರೆಸಿಸ್ಟೆನ್ಸಿಗೆ ಕೊನೆಯೇ ಇಲ್ಲ, ಕಂಪ್ಯೂಟರಿಗೆ ಅದು ಹಿಮಕ್ಕಿಂತ ತಣ್ಣಗಿನ ಎಂಜಿನ್ ಆಗಿ ಕಾಣುತ್ತದೆ. ಕನೆಕ್ಟರ್ ಬಿಚ್ಚಿ ಅದರ ಎರಡು ತಂತಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಕೋಡ್ ಅಳಿಸಿ, ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಈಗ ವಿಪರೀತ ಬಿಸಿ ಎಂಬ 14 ಬಂದರೆ ತಂತಿ ಸರಿಯಿದೆ, ಸೆನ್ಸರೇ ಹೋಗಿದೆ. 15 ಹಾಗೆಯೇ ಉಳಿದರೆ ತಂತಿಯ ಜಾಡು ಹಿಡಿಯಬೇಕು.

ನೀಲಿಪಿಕಪ್ · ಐದನೇ ದಿನ, ರಾತ್ರಿ

ಸಿಕ್ಕಿತು. ಬರೆಯುವಾಗಲೂ ಕೈಯಲ್ಲಿ ಆ ಕಪ್ಪು ಹಾಗೆಯೇ ಇದೆ.

ಬ್ಯಾಟರಿ ನಿಂತಾಗ 12.5, ಓಡುವಾಗ 14.1, ಅರ್ತ್ 0.04. ತಂತಿಜಾಡು ಅವರೇ, ಅದು ಸರಿಯಿದೆ ಎಂದು ತಿಳಿದದ್ದೇ ದೊಡ್ಡ ನೆಮ್ಮದಿ. ಮಾಫ್ ತೊಳೆದೆ. ಟ್ರಿಮ್ 22ರಿಂದ 21ಕ್ಕೆ ಬಂತು, ಅಷ್ಟೇ.

ಆಮೇಲೆ ಒಂದೊಂದೇ ಹೋಸ್. ಎಲ್ಲವೂ ಹೊರಗಿನಿಂದ ಚೆನ್ನಾಗಿದ್ದವು. ಒಂದು ಗಜ ಉದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ ಸುತ್ತ ಆಡಿಸಿದೆ. ಮುಂದೆ ಬರೀ ಇಂಜೆಕ್ಟರುಗಳ ಟಿಕ್ ಟಿಕ್. ಹಿಂಭಾಗಕ್ಕೆ, ಕ್ಯಾಬಿನ್ ಗೋಡೆಗೂ ಎಂಜಿನ್ನಿಗೂ ನಡುವಿನ ಸಂದಿಗೆ, ಪೈಪು ಇಳಿಸಿದಾಗ ಸುಯ್ಯೆಂಬ ಸದ್ದು ಕಿವಿಗೆ ಹೊಡೆಯಿತು. ಅಲ್ಲಿ ಕಣ್ಣು ಹೋಗುವುದಿಲ್ಲ. ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಚಿಕ್ಕ ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿದೆ. ಎಂಜಿನ್ನಿನೊಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ಹೋಸ್ ಮ್ಯಾನಿಫೋಲ್ಡಿಗೆ ಸೇರುವಲ್ಲಿ ಮೊಣಕೈಯಂತೆ ಬಾಗಿದ ರಬ್ಬರ್ ತುಂಡು ಒಂದಿದೆ. ಮೇಲಿನಿಂದ ನುಣ್ಣಗೆ, ಹೊಸದರಂತೆ. ಬೆರಳನ್ನು ಕೆಳಗೆ ತೂರಿಸಿದರೆ ರಬ್ಬರ್ ಎಣ್ಣೆ ಕುಡಿದು ಉಬ್ಬಿ, ನೆನೆದ ಚರ್ಮದಂತೆ ಮೆತ್ತಗಾಗಿತ್ತು. ಬಾಗಿನ ಒಳಮೈಯಲ್ಲಿ ಉಗುರು ಸಿಕ್ಕಿಕೊಂಡಿತು. ಎರಡು ಬೆರಳಗಲದ ಸೀಳು, ಒಳಗಿನ ಸೆಳೆತಕ್ಕೆ ತುಟಿಗಳಂತೆ ಒಳಕ್ಕೆ ಮಡಚಿಕೊಂಡಿತ್ತು.

ಹೊಸ ತುಂಡು ಹಾಕಿದೆ. ತುಂಬಾ ಅಗ್ಗದ ಭಾಗ. ಮಾಫ್ ಈಗ 4.8 ಗ್ರಾಂ. ಒಂದನೇ ಸಾಲು ಪ್ಲಸ್ 3. ಎರಡನೇ ಸಾಲು ಮಾತ್ರ ಪ್ಲಸ್ 8ರಲ್ಲಿ ನಿಂತಿದೆ. ಪಿ0305 ಹೋಗಿಲ್ಲ. ಪುಸ್ತಕದಲ್ಲಿ ನೋಡಿದೆ, 5 ನನ್ನ ಗಾಡಿಯಲ್ಲಿ ಎರಡನೇ ಸಾಲಿನ ಮೊದಲ ಸಿಲಿಂಡರ್.

ಬಾನೆಟ್‌ಕೆಳಗೆ · ಐದನೇ ದಿನ, ರಾತ್ರಿ

ಶಭಾಷ್! ನಿಮ್ಮ ಸಂಖ್ಯೆಗಳನ್ನು ನೋಡಿ ನಿಜಕ್ಕೂ ಖುಷಿಯಾಯಿತು. 3.9ಕ್ಕೆ ಶೇಕಡಾ 23 ಸೇರಿಸಿದರೆ 4.8. ನಿಮ್ಮ ಟ್ರಿಮ್ ತೋರಿಸುತ್ತಿದ್ದ 22 ಇದೇ ಕಳ್ಳಗಾಳಿಯ ಲೆಕ್ಕ.

ಕೆಲವರು ಇಂಥ ಸೋರಿಕೆ ಹುಡುಕಲು ಓಡುವ ಎಂಜಿನ್ ಮೇಲೆ ಕಾರ್ಬುರೇಟರ್ ಕ್ಲೀನರ್ ಎರಚುತ್ತಾರೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಅದು ಬಿದ್ದು ಹೊತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಿವಿಗೆ ಪೈಪು ಹಿಡಿಯುವ ನಿಮ್ಮ ದಾರಿಯೇ ಒಳ್ಳೆಯದು, ಅದರಲ್ಲಿ ಸಿಗದಿದ್ದರೆ ಹೊಗೆ ಯಂತ್ರ ಇರುವವರ ಬಳಿ ಹೋಗಬೇಕು.

ಈಗ ಐದನೆಯದು. ಏನನ್ನೂ ಕೊಳ್ಳಬೇಡಿ. 5ರ ಕಾಯಿಲನ್ನು 6ಕ್ಕೆ, 6ರದನ್ನು 5ಕ್ಕೆ ಹಾಕಿ. ಈ ಸಲ ಕೋಡ್ ಅಳಿಸಿ, ನಮಗೆ ಬೇಕಾದದ್ದೆಲ್ಲ ಬರೆದಿಟ್ಟುಕೊಂಡಾಗಿದೆ. ಒಂದಷ್ಟು ದೂರ ಓಡಿಸಿ. ಪಿ0306 ಬಂದರೆ ಕಾಯಿಲ್. ಪಿ0305 ಹಾಗೆಯೇ ಇದ್ದರೆ ಪ್ಲಗ್ ಅದಲುಬದಲು ಮಾಡಿ. ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ದೇವರಿಗೇ ಗೊತ್ತು. ಬಿಚ್ಚುವ ಮೊದಲು ಪ್ಲಗ್ ಗುಂಡಿಯೊಳಗೆ ಗಾಳಿ ಊದಿ ಕಸ ಹೊರಗೆ ಹಾಕಿ.

ಕರಿಎಣ್ಣೆ · ಆರನೇ ದಿನ, ಬೆಳಿಗ್ಗೆ

ಪಂಪ್ ಎಂದದ್ದು ನನ್ನ ತಪ್ಪು, ಒಪ್ಪುತ್ತೇನೆ. ಇನ್ನು ಮುಂದೆ ಟ್ರಿಮ್ ನೋಡದೆ ಯಾರಿಗೂ ಹೇಳುವುದಿಲ್ಲ. ಒಂದು ಪ್ರಶ್ನೆ. ತಮ್ಮನ ಗಾಡಿಯಲ್ಲಿ ಪಿ0420 ಇದೆ. ಇದಂತೂ ನೇರವಾಗಿ ಕನ್ವರ್ಟರ್ ಕೋಡ್ ಅಲ್ಲವೇ?

ಬಾನೆಟ್‌ಕೆಳಗೆ · ಆರನೇ ದಿನ, ಮಧ್ಯಾಹ್ನ

ನೇರವಾಗಿ ಅಲ್ಲ. ಕನ್ವರ್ಟರಿನ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಏರಿಳಿಯುತ್ತಲೇ ಇರಬೇಕು, ಹಿಂದಿನದು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಬೇಕು. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿದರೆ ಕಂಪ್ಯೂಟರ್ ಪಿ0420 ಹಾಕುತ್ತದೆ. ಸೆನ್ಸರುಗಳ ಹತ್ತಿರ ಸೈಲೆನ್ಸರ್ ಪೈಪಿನ ಪ್ಯಾಕಿಂಗ್ ಹೋಗಿ ಹೊರಗಿನ ಗಾಳಿ ಎಳೆದುಕೊಳ್ಳುತ್ತಿದ್ದರೂ ಹಾಗೇ ಕಾಣಬಹುದು. ಮೊದಲು ಪೈಪಿನ ಜೋಡಣೆಗಳಲ್ಲಿ ಮಸಿಯ ಗೆರೆ ಇದೆಯೇ ನೋಡಲು ಹೇಳಿ. ಕನ್ವರ್ಟರ್ ನಿಜಕ್ಕೂ ಸತ್ತಿದ್ದರೂ ಅದನ್ನು ಕೊಂದದ್ದು ಯಾವುದು ಎಂದು ತಿಳಿಯದೆ ಹೊಸದು ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಹಳೆಯ ಮಿಸ್‌ಫೈರ್, ಎಂಜಿನ್ ಎಣ್ಣೆ ಸುಡುವುದು, ಕೂಲಂಟ್ ಒಳಗೆ ಸೋರುವುದು, ಇವೇ ಸಾಮಾನ್ಯ ಕೊಲೆಗಾರರು.

ಹೊಸಸ್ಪ್ಯಾನರ್ · ಆರನೇ ದಿನ, ಸಂಜೆ

ತಂತಿಜಾಡು ಅವರಿಗೆ ವಿಶೇಷ ಧನ್ಯವಾದ. ತಂತಿ ಸೇರಿಸಿದರೂ 15 ಹೋಗಲಿಲ್ಲ. ಥರ್ಮೋಸ್ಟಾಟ್ ಪಕ್ಕದಲ್ಲಿ ತಂತಿಯ ಹೊದಿಕೆ ಬಿಸಿಗೆ ಒಣಗಿ ಬಿರಿದು, ಒಳಗೆ ತಾಮ್ರ ತುಂಡಾಗಿತ್ತು. ಬೆಸೆದು ಮುಚ್ಚಿದೆ. ಸೆನ್ಸರ್ ಹಳೆಯದೇ ಇದೆ.

ನೀಲಿಪಿಕಪ್ · ಎಂಟನೇ ದಿನ, ರಾತ್ರಿ

ಕಾಯಿಲ್ ಅದಲುಬದಲು ಮಾಡಿದ ಮರುದಿನವೇ ಪಿ0306 ಬಂತು! ಅಷ್ಟು ಸಂತೋಷದಿಂದ ಯಾವ ಕೋಡನ್ನೂ ನೋಡಿರಲಿಲ್ಲ. ಹಳೆಯ ಕಾಯಿಲಿನ ರಬ್ಬರ್ ಬೂಟನ್ನು ಬೆಳಕಿಗೆ ಹಿಡಿದರೆ ಉದ್ದಕ್ಕೂ ಕೂದಲೆಳೆಯಷ್ಟು ತೆಳುವಾದ ಬೂದು ಗೆರೆ, ಕಿಡಿ ಪ್ಲಗ್‌ಗೆ ಹೋಗದೆ ಅದರ ಮೇಲಿಂದ ಲೋಹಕ್ಕೆ ಹಾರಿದ ದಾರಿ. ಹೊಸ ಕಾಯಿಲ್ ಹಾಕಿದೆ, ಎಂಟೂ ಪ್ಲಗ್ ಹಳೆಯವಾಗಿದ್ದರಿಂದ ಅವನ್ನೂ ಬದಲಿಸಿದೆ. ಈಗ ಎರಡನೇ ಸಾಲು ಪ್ಲಸ್ 3. ಎರಡೂ ಸಾಲು ಸಮ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಮೀಟರ್ ನೋಡಬೇಕಾಯಿತು.

ಒಂದೇ ಅನುಮಾನ. ಸ್ಕ್ಯಾನರಿನಲ್ಲಿ ಕೋಡ್ ಇಲ್ಲ, ಆದರೆ ರೆಡಿನೆಸ್ ಎಂಬಲ್ಲಿ ಎರಡು ಪರೀಕ್ಷೆಗಳು ಇನ್ನೂ ಅಪೂರ್ಣ ಎನ್ನುತ್ತಿದೆ: ಕನ್ವರ್ಟರಿನ ಕೆಟಲಿಸ್ಟ್, ಮತ್ತು ಟ್ಯಾಂಕಿನ ಪೆಟ್ರೋಲ್ ಆವಿ ಹೊರಹೋಗದಂತೆ ತಡೆಯುವ ಇವ್ಯಾಪ್.

ಬಾನೆಟ್‌ಕೆಳಗೆ · ಎಂಟನೇ ದಿನ, ರಾತ್ರಿ

ಕೋಡ್ ಅಳಿಸಿದಾಗ ಆ ಪರೀಕ್ಷೆಗಳೂ ಸೊನ್ನೆಯಾಗುತ್ತವೆ. ದೀಪ ಇಲ್ಲದ ಮಾತ್ರಕ್ಕೆ ಪಾಸಾಯಿತು ಎನ್ನಲಾಗದು, ಇನ್ನೂ ಪರೀಕ್ಷೆಯೇ ಆಗಿಲ್ಲ. ಹೊಗೆ ತಪಾಸಣೆಗೆ ಒಯ್ಯುವುದಿದ್ದರೆ ಅವು ಮುಗಿಯುವವರೆಗೆ ಕಾಯಿರಿ. ರಾತ್ರಿಯಿಡೀ ನಿಲ್ಲಿಸಿ ತಣ್ಣಗೆ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಐಡ್ಲಿಂಗ್, ಆಮೇಲೆ ಒಂದೇ ವೇಗದಲ್ಲಿ ಹತ್ತಿಪ್ಪತ್ತು ನಿಮಿಷದ ಓಟ. ಇವ್ಯಾಪ್ ಪರೀಕ್ಷೆ ಟ್ಯಾಂಕ್ ಪೂರ್ತಿ ತುಂಬಿದ್ದರೂ ನಡೆಯುವುದಿಲ್ಲ, ತಳಕ್ಕಿಳಿದಿದ್ದರೂ ನಡೆಯುವುದಿಲ್ಲ. ಅರ್ಧದ ಆಸುಪಾಸಿನಲ್ಲಿಡಿ. ಪೆಂಡಿಂಗ್ ಕೋಡ್‌ಗಳ ಪುಟವನ್ನೂ ದಿನಕ್ಕೊಮ್ಮೆ ತೆರೆಯಿರಿ. ಅನೇಕ ದೋಷಗಳು ಸತತ ಎರಡು ಓಟಗಳಲ್ಲಿ ಕಂಡ ಮೇಲೆಯೇ ದೀಪ ಹತ್ತಿಸುತ್ತವೆ, ಮೊದಲ ಓಟದ ಸುಳಿವು ಅಲ್ಲಿರುತ್ತದೆ.

ನೀಲಿಪಿಕಪ್ · ಹನ್ನೆರಡನೇ ದಿನ, ಸಂಜೆ

ಕೆಟಲಿಸ್ಟ್ ಪರೀಕ್ಷೆ ಇವತ್ತು ಬೆಳಿಗ್ಗೆ ಪೂರ್ಣವಾಯಿತು, ಪಿ0420 ಬಂದಿಲ್ಲ. ಕನ್ವರ್ಟರ್ ಇನ್ನೂ ಜೀವಂತವಾಗಿದೆ. ಪೆಂಡಿಂಗ್ ಪುಟ ಖಾಲಿ. ಟ್ಯಾಂಕ್ ಮುಳ್ಳು ಮುಕ್ಕಾಲಿನ ಮೇಲಿದೆ, ಅರ್ಧಕ್ಕಿಳಿದ ಮೇಲೆ ಇವ್ಯಾಪ್ ನೋಡಿ ಬರೆಯುತ್ತೇನೆ. ಸೀಳಿದ ರಬ್ಬರ್ ತುಂಡನ್ನು ಎಸೆದಿಲ್ಲ. ಗ್ಯಾರೇಜಿನವರಿಗೆ ಒಯ್ದು ತೋರಿಸಿದೆ. ಅವರು ಬೆರಳಿಟ್ಟು ಮುಟ್ಟಿ ನೋಡಿ, ಐಡ್ಲಿಂಗ್‌ನಲ್ಲಿ ಟ್ರಿಮ್ ಎಷ್ಟಿತ್ತು ಎಂದು ಕೇಳಿದರು.